ಡಾಬಕಾಕ್ಕೆ ಒಯ್ದ ಪದಕ

ಗುರುನಾಥರಿಗೆ ಈಗ ಅರವತ್ತಾರು ವರ್ಷ. ಮೂವತ್ತಮೂರು ವರ್ಷ ಬಸ್ ಕಂಡಕ್ಟರ್ ಆಗಿ ನಿಂತೇ ದುಡಿದವರು. ಬೀದರ–ಔರಾದ, ಭಾಲ್ಕಿ–ಔರಾದ, ಬೀದರ–ಖಟಕ ಚಿಂಚೋಳಿ, ಇವೇ ರಸ್ತೆಗಳಲ್ಲಿ ಅವರ ಕಾಲು ಸವೆದವು. ಈಗ ಬೀದರಿನ ಗುಂಪಾ ಕಡೆಯ ತಮ್ಮ ಮನೆಯ ಎರಡು ಮೆಟ್ಟಿಲು ಇಳಿಯುವುದಕ್ಕೂ ಗೋಡೆ ಹಿಡಿಯುತ್ತಾರೆ. ಕುಳಿತರೆ ಏಳುವುದು ಕಷ್ಟ, ಎದ್ದರೆ ಕೂರುವುದು ಕಷ್ಟ. ಇಂಥ ಕಾಲು ಇಟ್ಟುಕೊಂಡು ಊರೂರು ತಿರುಗುತ್ತಾರಲ್ಲ ಎಂದು ಹೆಂಡತಿ ಪ್ರಮಿಲಾ ಬೈಯುವುದನ್ನು ಈಚೆಗೆ ನಿಲ್ಲಿಸಿದ್ದಾರೆ. ಬೈದು ಬೈದು ಅವರಿಗೂ ದಣಿವಾಗಿತ್ತು.

ತಿರುಗಾಟಕ್ಕೆ ಕಾರಣ ಒಂದು ತಗಡಿನ ಬಿಸ್ಕತ್ ಡಬ್ಬಿ. ಅದರಲ್ಲಿ ಹತ್ತೊಂಬತ್ತು ಮಿಲಿಟರಿ ಪದಕಗಳು ಸೇರಿದ್ದವು. ಯಾವುದೂ ಗುರುನಾಥರದಲ್ಲ, ಅವರ ಮನೆತನದ್ದೂ ಅಲ್ಲ. ಅವರ ಕಡೆ ಯಾರೂ ಮಿಲಿಟರಿಗೆ ಹೋದವರಿಲ್ಲ.

೨೦೦೮ರಲ್ಲಿ ಒಂದು ಮಧ್ಯಾಹ್ನ ಔರಾದಿನಿಂದ ಬೀದರಿಗೆ ಬಂದ ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರೋ ಬಟ್ಟೆಯ ಚೀಲವೊಂದನ್ನು ಮರೆತು ಹೋಗಿದ್ದರು. ಒಳಗೆ ಒಂದು ಧೋತರ, ಗುಳಿಗೆಯ ಚೀಟಿ, ಕರ್ಚೀಫಿನಲ್ಲಿ ಗಂಟು ಕಟ್ಟಿದ ದುಂಡನೆಯ ಪದಕ. ಪದಕದ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಇಂಗ್ಲಿಷಿನಲ್ಲಿ ಕೊರೆದ ಸಣ್ಣ ಅಕ್ಷರಗಳು ಕಂಡವು: ಒಂದು ನಂಬರು, ಹುದ್ದೆ, ಹೆಸರು, ಪಲಟನ್. ನಾಲ್ಕು ದಿನ ಬಸ್ಸು ಹತ್ತಿದವರನ್ನೆಲ್ಲ ಕೇಳಿ ಗುರುನಾಥ ಚೀಲದ ಯಜಮಾನನನ್ನು ಸಂತಪುರದ ಹತ್ತಿರ ಪತ್ತೆ ಹಚ್ಚಿದರು. ಆ ಮುದುಕ ಧೋತರ ಗುಳಿಗೆ ಯಾವುದನ್ನೂ ನೋಡಲಿಲ್ಲ. ಪದಕವನ್ನು ಎರಡೂ ಕೈಯಲ್ಲಿ ಹಿಡಿದು ಅಂಗಳದ ಮಣ್ಣಿನಲ್ಲೇ ಕುಳಿತುಬಿಟ್ಟ. ನಾಲ್ಕು ದಿನದಿಂದ ಊಟ ಮಾಡಿರಲಿಲ್ಲವಂತೆ.

ಆ ಮುಖವನ್ನು ಗುರುನಾಥ ಮರೆಯಲಿಲ್ಲ. ಅಂದಿನಿಂದ ಹಳೆಯ ಸಾಮಾನಿನ ಅಂಗಡಿಗಳ ಮುಂದೆ ಹೋಗುವಾಗ ಅವರ ಕಣ್ಣು ದುಂಡನೆಯ ವಸ್ತುಗಳ ಕಡೆ ತಿರುಗತೊಡಗಿತು. ಮನೆ ಕೆಡವಿದವರು, ಆಸ್ತಿ ಪಾಲು ಮಾಡಿಕೊಂಡವರು ಹಳೆಯ ಪಾತ್ರೆಗಳನ್ನು ತೂಕಕ್ಕೆ ಹಾಕುವಾಗ ಪದಕಗಳೂ ಜೊತೆಗೆ ಬಂದುಬಿಡುತ್ತಿದ್ದವು. ಗುರುನಾಥ ಅವನ್ನು ಕೊಂಡು ತಂದು, ಅಂಚಿನ ಹೆಸರನ್ನು ನೋಟುಬುಕ್ಕಿನಲ್ಲಿ ಬರೆದು, ಆ ಮನುಷ್ಯ ಯಾರು, ಯಾವ ಊರು, ಮನೆಯವರು ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತಿದ್ದರು. ಹದಿನೈದು ವರ್ಷದಲ್ಲಿ ಏಳು ಪದಕಗಳ ಮನೆ ಸಿಕ್ಕಿತ್ತು. ಅವುಗಳಲ್ಲಿ ಎರಡು ಮನೆಯವರು, “ಇದನ್ನ ತೊಗೊಂಡು ಏನ್ ಮಾಡೋಣ್ರಿ, ನೀವೇ ಇಟ್ಕೋರಿ,” ಎಂದು ಚಹಾ ಕುಡಿಸಿ ಕಳಿಸಿದ್ದರು. ಹಾಗಾದಾಗ ಗುರುನಾಥರಿಗೆ ಮನೆಗೆ ಮರಳುವ ಬಸ್ಸಿನಲ್ಲಿ ಕಾಲು ಇನ್ನಷ್ಟು ನೋಯುತ್ತಿತ್ತು.

ಪಂಢರಿ ಎಂಬ ಸಿಪಾಯಿಯ ಪದಕ ಸಿಕ್ಕಿದ್ದು ೨೦೨೨ರ ದೀಪಾವಳಿ ಆದ ಮೇಲೆ, ಅಬ್ದುಲ ಮಜೀದರ ಗುಜರಿ ಅಂಗಡಿಯಲ್ಲಿ. ಮಜೀದರಿಗೂ ವಯಸ್ಸಾಗಿತ್ತು. ಗುರುನಾಥ ಬೀದಿಯ ತುದಿಯಲ್ಲಿ ಕಂಡ ಕೂಡಲೇ ಅವರು ಗಲ್ಲೆಯಿಂದಲೇ ಕೂಗಿದರು.

“ಬರ್ರಿ ಕಂಡಕ್ಟರ್ ಸಾಬ್, ನಿಮ್ಮ ಸಾಮಾನ್ ಬಂದದ.”

ಹಿತ್ತಾಳೆಯ ಕೊಡವೊಂದರ ತಳದಲ್ಲಿ, ಅರಿಶಿನ ಬಣ್ಣದ ಬಟ್ಟೆಯಲ್ಲಿ ಸುತ್ತಿಟ್ಟ ಪದಕ. ಒಂದು ಕಡೆ ಸಿಂಹಗಳ ಮುದ್ರೆ, ಇನ್ನೊಂದು ಕಡೆ ಉದಯಿಸುವ ಸೂರ್ಯ. ೧೯೬೫ರ ರಕ್ಷಾ ಪದಕ. ಅಂಚಿನ ಮೇಲೆ ಏಳು ಅಂಕಿಯ ನಂಬರು, ಕೊನೆಗೆ ನಾಲ್ಕು ಒಂದು ಏಳು. ಮುಂದೆ ‘ಸಿಪಾಯಿ ಪಂಢರಿ’, ಮಹಾರ್ ರೆಜಿಮೆಂಟ್. ಅಡ್ಡಹೆಸರು ಇಲ್ಲ, ಊರು ಇಲ್ಲ.

“ಯಾರು ತಂದಿದ್ರು ಭಾಯ್?”

“ಯಾರಂತ ಹೇಳ್ಲಿ? ಆಟೋ ತುಂಬ ಸಾಮಾನ್ ಬಂತು, ಇಳಿಸ್ಕೊಂಡ್ವಿ. ಭಾಲ್ಕಿ ಕಡೀದೋ, ಔರಾದ ಕಡೀದೋ, ಖುದಾನೇ ಬಲ್ಲ.”

ರೆಜಿಮೆಂಟಿನ ದಾಖಲೆ ಕಚೇರಿ ಮಧ್ಯಪ್ರದೇಶದಲ್ಲಿದೆ. ಗುರುನಾಥ ಅಲ್ಲಿಗೆ ಪತ್ರ ಬರೆದರು. ಮೂರು ತಿಂಗಳ ನಂತರ ಎರಡು ಸಾಲಿನ ಉತ್ತರ ಬಂತು: ಸೈನಿಕನ ವಿವರಗಳನ್ನು ಅವನ ಹತ್ತಿರದ ಸಂಬಂಧಿಕರಿಗೆ ಮಾತ್ರ ಕೊಡಲಾಗುವುದು. ಪ್ರತಿ ಸಲವೂ ಬರುವ ಉತ್ತರ ಅದೇ. ಸಂಬಂಧಿಕರು ಸಿಗಬೇಕಾದರೆ ವಿವರ ಬೇಕು, ವಿವರ ಬೇಕಾದರೆ ಸಂಬಂಧಿಕರು ಬೇಕು. ಗುರುನಾಥ ಆ ಪತ್ರವನ್ನು ಉಳಿದ ಇಂಥದೇ ಪತ್ರಗಳ ಜೊತೆ ಇಟ್ಟರು.

ಆಮೇಲೆ ಉಳಿದದ್ದು ಕಾಲುನಡಿಗೆಯ ದಾರಿ. ಮಾಜಿ ಸೈನಿಕರು ಪೆನ್ಶನ್‌ಗೆ ಬರುವ ದಿನ ಬ್ಯಾಂಕಿನ ಮುಂದೆ ನಿಂತು ಕೇಳಿದರು. ಖಟಕ ಚಿಂಚೋಳಿಯಲ್ಲಿ ಒಬ್ಬ ಪಂಢರಿ ಇದ್ದನೆಂದು ಯಾರೋ ಹೇಳಿದರು. ಹೋಗಿ ನೋಡಿದರೆ ಆತ ಮಿಲಿಟರಿಯಲ್ಲ, ಹೋಮ್‌ಗಾರ್ಡ್. ಮರಳುವಾಗ ಬಸ್ಸು ಕೆಟ್ಟು ಎರಡು ಗಂಟೆ ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತಿದ್ದರು. ಹೀಗೆ ಒಂದು ವರ್ಷವೇ ಹೋಯಿತು. ಕೊನೆಗೆ ಔರಾದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ನಿವೃತ್ತ ಹವಾಲ್ದಾರ್ ಯೋಚಿಸಿ ಯೋಚಿಸಿ ಹೇಳಿದ:

“ಡಾಬಕಾದಾಗ ಶಾಲುಬಾಯಿ ಅಂತ ಒಬ್ರು ಅದಾರ ನೋಡ್ರಿ. ಅವರ ಮಾಲಕರ ಹೆಸರು ಪಂಢರಿ. ಮಿಲಿಟ್ರಿಗಿ ಹೋದಂವ ತಿರುಗಿ ಬರ್ಲೇ ಇಲ್ಲ ಅಂತಾರ. ಮುಂಬೈದಾಗ ಇನ್ನೊಂದು ಸಂಸಾರ ಮಾಡ್ಯಾನ ಅಂತ್ಲೂ ಅಂತಾರ.”

೨೦೨೩ರ ಡಿಸೆಂಬರಿನಲ್ಲಿ ಗುರುನಾಥ ಡಾಬಕಾಕ್ಕೆ ಹೋದರು. ಮಹಾರಾಷ್ಟ್ರದ ಗಡಿಗೆ ಹತ್ತಿದ ಊರು. ತೊಗರಿ ಕಟಾವಿಗೆ ಬಂದಿತ್ತು. ಶಾಲುಬಾಯಿಯ ಮನೆ ಗಟ್ಟಿಮುಟ್ಟಾದ ಆರ್‌ಸಿಸಿ ಮನೆ. ಮಗ ವಿಶ್ವಾಸ ಔರಾದಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ನಿವೃತ್ತಿಗೆ ಎರಡು ವರ್ಷ ಬಾಕಿ. ಶಾಲುಬಾಯಿಗೆ ಎಪ್ಪತ್ತಾರು, ಎಪ್ಪತ್ತೇಳು ಇರಬಹುದು. ಬೆನ್ನು ಬಾಗಿತ್ತು, ಕಣ್ಣು ಮಾತ್ರ ಚುರುಕು.

ಗುರುನಾಥ ಬಂದ ಕಾರಣ ಹೇಳಿದರು. ಆ ಮನೆಯಲ್ಲಿ ಪಂಢರಿಯ ಹೆಸರು ತೆಗೆದು ಎಷ್ಟೋ ವರ್ಷವಾಗಿತ್ತು. ಮದುವೆಯಾಗಿ ಒಂದು ವರ್ಷಕ್ಕೆ, ೧೯೬೩ರಲ್ಲಿ, ಪಂಢರಿ ಮಹಾರ್ ರೆಜಿಮೆಂಟಿಗೆ ಭರ್ತಿಯಾಗಿ ಹೋದ. ಮಗನ ನಾಮಕರಣಕ್ಕೆ ರಜೆಯ ಮೇಲೆ ಬಂದಿದ್ದೇ ಕೊನೆ. ೧೯೬೮ರ ಮಳೆಗಾಲದ ತನಕ ಪತ್ರಗಳು ಬರುತ್ತಿದ್ದವು. ಆಮೇಲೆ ನಿಂತವು. ಊರು ತನಗೆ ತೋಚಿದ ಕಥೆ ಕಟ್ಟಿತು. ಶಾಲುಬಾಯಿ ಕೂಲಿ ಮಾಡಿ, ಇಟ್ಟಿಗೆ ಹೊತ್ತು, ಮಗನನ್ನು ಬಿ.ಎಡ್ ತನಕ ಓದಿಸಿದಳು. ಗಂಡ ಬಿಟ್ಟವಳು ಎಂಬ ಮಾತನ್ನು ಐವತ್ತೈದು ವರ್ಷ ಕೇಳಿದಳು.

“ಅವರ ನಂಬರ್ ಇರೋ ಕಾಗದಾ ಏನರೆ ಅದಾವೇನ್ರಿ?” ಎಂದು ಗುರುನಾಥ ಕೇಳಿದರು.

“ಏನೂ ಇಲ್ಲ ಸರ್,” ಎಂದ ವಿಶ್ವಾಸ. “ಹಳೀ ಮನಿ ಬಿದ್ದಾಗ ಎಲ್ಲಾ ಹೋದುವು.”

ಗುರುನಾಥ ಅಲ್ಲಿಗೆ ನಿಲ್ಲಬೇಕಿತ್ತು. ಕಾಗದವಿಲ್ಲದೆ ಅವರು ಹಿಂದೆ ಯಾವ ಪದಕವನ್ನೂ ಕೊಟ್ಟಿರಲಿಲ್ಲ. ಆದರೆ ಹೆಸರು ಅದೇ, ರೆಜಿಮೆಂಟು ಅದೇ, ಕಾಲ ಅದೇ. ಮೇಲಾಗಿ ಒಂದು ವರ್ಷ ತಿರುಗಿ ಅವರಿಗೆ ಸಾಕಾಗಿತ್ತು. ಅವರು ಕರ್ಚೀಫು ಬಿಚ್ಚಿ ಪದಕವನ್ನು ಶಾಲುಬಾಯಿಯ ಅಂಗೈಯಲ್ಲಿಟ್ಟರು.

ಆಕೆ ಅಳಲಿಲ್ಲ. ಪದಕದ ಸೂರ್ಯನ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಎದ್ದು ಬಾಗಿಲಿಗೆ ಹೋಗಿ, ಎದುರು ಮನೆಯ ಹೆಂಗಸನ್ನು ಗಟ್ಟಿಯಾಗಿ ಕರೆದಳು.

“ಏ ಇಲ್ಲಿ ಬಾರ! ಬಂದು ನೋಡು! ನಮ್ಮವರು ಖರೇನೇ ಸಿಪಾಯಿ ಇದ್ರು!”

ಜನವರಿ ಇಪ್ಪತ್ತಾರಕ್ಕೆ ಊರಿನ ಶಾಲೆಯಲ್ಲಿ ಶಾಲುಬಾಯಿಗೆ ಶಾಲು ಹೊದಿಸಿದರು. ಒಂದು ಸ್ಥಳೀಯ ಪತ್ರಿಕೆ ಫೋಟೋ ಹಾಕಿತು. ವರದಿ ಬರೆದವನು ಹುರುಪಿನಲ್ಲಿ ಪದಕದ ಅಂಚಿನ ನಂಬರನ್ನೂ ಪೂರ್ತಿ ಅಚ್ಚು ಹಾಕಿಸಿದ್ದ. ಗುರುನಾಥ ಆ ತುಣುಕು ಕತ್ತರಿಸಿ ನೋಟುಬುಕ್ಕಿಗೆ ಅಂಟಿಸಿ, ಪ್ರಮಿಲಾಗೆ ತೋರಿಸಿದರು. “ಒಳ್ಳೇದಾತು,” ಎಂದರು ಪ್ರಮಿಲಾ. “ಇನ್ನರೆ ಜರಾ ಮನ್ಯಾಗ ಕೂಡ್ರಿ.”

ಒಂದು ವಾರ ಕೂತಿದ್ದರು. ಫೆಬ್ರುವರಿಯ ಮೊದಲ ಭಾನುವಾರ ಮನೆಯ ಮುಂದೆ ಒಂದು ಕಾರು ನಿಂತಿತು. ಇಳಿದವಳು ಐವತ್ತರ ಆಸುಪಾಸಿನ ಹೆಣ್ಣುಮಗಳು, ಹತ್ತಿಯ ಸೀರೆ, ಕನ್ನಡಕ. ಹೆಸರು ಮಾಯಾ, ಭಾಲ್ಕಿಯಲ್ಲಿ ಬ್ಯಾಂಕ್ ಅಧಿಕಾರಿ, ತವರೂರು ಸಾಯಗಾಂವ ಎಂದು ಪರಿಚಯ ಹೇಳಿಕೊಂಡಳು. ಚಹಾ ಬೇಡವೆಂದಳು. ಚೀಲದಿಂದ ಮಾಸಿದ ರಟ್ಟಿನ ಪುಸ್ತಕವೊಂದನ್ನು ತೆಗೆದು ಟೇಬಲ್ಲಿನ ಮೇಲಿಟ್ಟಳು. ಮಿಲಿಟರಿಯಿಂದ ಬಿಡುಗಡೆಯಾದಾಗ ಕೊಡುವ ಡಿಸ್ಚಾರ್ಜ್ ಬುಕ್.

“ಕಾಕಾ, ಈ ನಂಬರ್ ಓದ್ರಿ.”

ಗುರುನಾಥ ಓದಿದರು. ಏಳು ಅಂಕಿ. ಕೊನೆಗೆ ನಾಲ್ಕು ಒಂದು ಏಳು. ಹೆಸರು ಪಂಢರಿ. ಊರು ಸಾಯಗಾಂವ, ತಾಲೂಕು ಭಾಲ್ಕಿ.

“ನಮ್ಮಪ್ಪ ತೀರಿಕೊಂಡು ಹದಿನೈದು ವರ್ಷಾತು,” ಎಂದಳು ಮಾಯಾ. “ಮೆಡಲ್ ನಮ್ಮವ್ವನ ಕೊಡದಾಗ ಇಟ್ಟಿದ್ವಿ. ಮನಿ ಕಟ್ಟೋ ಮುಂದ ನಮ್ಮಣ್ಣ ನೋಡಲಾರ್ದೇ ಎಲ್ಲಾ ಭಾಂಡೆ ಮಾರ್ಯಾನ. ನಾನು ಭಾಲ್ಕಿ, ಬೀದರ, ಉದಗೀರ, ಎಷ್ಟು ಅಂಗಡಿ ತಿರುಗೀನಿ ಗೊತ್ತದೇನ್ರಿ? ಆಮ್ಯಾಲ ಒಂದು ದಿನ ಪೇಪರ್‌ದಾಗ ನೋಡ್ತೇನಿ, ಯಾರೋ ಅಜ್ಜಿ ನಮ್ಮಪ್ಪನ ಮೆಡಲ್ ಹಿಡ್ಕೊಂಡು ಕುಂತಾರ.”

ಗುರುನಾಥ ನಂಬರನ್ನು ಮತ್ತೊಮ್ಮೆ ಓದಿದರು. ಪ್ರಮಿಲಾ ನೀರು ತಂದಿಟ್ಟರು.

“ತಪ್ಪು ನಂದದ ತಂಗಿ,” ಎಂದರು ಗುರುನಾಥ. “ಕಾಗದಾ ನೋಡದೇ ಕೊಟ್ಟೀನಿ.”

“ತಪ್ಪು ಯಾರದೋ ಇರ್ಲಿ. ನನಗ ನಮ್ಮಪ್ಪಂದು ಬೇಕು.”

ಆಕೆಯ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು. ಅದು ಗುರುನಾಥರಿಗೆ ತಿಳಿಯುವಂಥದು. ಅಂಗಡಿ ಅಂಗಡಿ ತಿರುಗಿದ ದಣಿವು ಹೇಗಿರುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹದಿನೈದು ದಿನ ಸಮಯ ಕೇಳಿಕೊಂಡರು.

ಮರುದಿನವೇ ಡಾಬಕಾಕ್ಕೆ ಹೋಗಬೇಕೆಂದಿದ್ದರು. ಹೊರಡಲು ಆರು ದಿನ ಬೇಕಾಯಿತು. ಪ್ರತಿದಿನ ಬೆಳಿಗ್ಗೆ ಅಂಗಿ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಮತ್ತೆ ಬಿಚ್ಚಿಟ್ಟು ಕುಳಿತುಬಿಡುತ್ತಿದ್ದರು. ಬಾಗಿಲಲ್ಲಿ ನಿಂತು ಎದುರು ಮನೆಯವಳನ್ನು ಕರೆದ ಶಾಲುಬಾಯಿಯ ದನಿ ಕಿವಿಯಲ್ಲೇ ಇತ್ತು. ಆ ಮನೆಗೆ ಹೋಗಿ, ಇದು ನಿಮ್ಮವರದಲ್ಲ, ಕೊಡಿ ಎಂದು ಹೇಳುವುದು ಹೇಗೆ? ಹೇಳಿದರೆ ಊರು ಏನನ್ನುತ್ತದೆ?

ಏಳನೆಯ ದಿನ ಆ ಮನೆಗೆ ಹೋಗದೆ, ಔರಾದಿನಲ್ಲಿದ್ದ ವಿಶ್ವಾಸನ ಹೈಸ್ಕೂಲಿಗೆ ಹೋದರು. ಊಟದ ಬಿಡುವಿನಲ್ಲಿ ಇಬ್ಬರೂ ಹೊರಗಿನ ಬೇವಿನ ಗಿಡದ ಕೆಳಗೆ ನಿಂತರು. ಗುರುನಾಥ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ವಿಶ್ವಾಸ ತಲೆ ತಗ್ಗಿಸಿ ಕೇಳಿದ. ಅವನ ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

“ನನಗ ಗೊತ್ತಿತ್ತು ಸರ್,” ಎಂದ.

“ಗೊತ್ತಿತ್ತು?”

“ನೀವು ಮೆಡಲ್ ಕೊಟ್ಟು ಹೋದ ದಿನಾನೇ ಸಂಜೀಕ ಆಯಿ ತನ್ನ ಟ್ರಂಕಿನ ತಳದಾಗಿಂದ ಒಂದು ಕಾಗದಾ ತೆಗದ್ಳು. ಅಪ್ಪ ಬರದ ಇನ್‌ಲ್ಯಾಂಡ್ ಪತ್ರ. ಇಷ್ಟು ವರ್ಷ ನನಗೂ ತೋರಿಸಿದ್ದಿಲ್ಲ. ಆಕೀಗಿ ಓದ್ಲಿಕ್ಕಿ ಬರಂಗಿಲ್ಲಲ್ಲ. ‘ಓದಪ್ಪಾ, ಈಗ ಓದು’ ಅಂದ್ಳು. ಹಿಂದುಗಡೆ ಅವರ ನಂಬರ್ ಬರದದ. ಕೊನೀಗಿ ನಾಲ್ಕು ಏಳು ಒಂದು. ಮೆಡಲ್ ಮ್ಯಾಲ ನಾಲ್ಕು ಒಂದು ಏಳು. ನಾ ಗಣಿತದ ಮಾಸ್ತರ್ ಇದೀನಿ ಸರ್. ಅಂಕಿ ಹಿಂದ ಮುಂದ ಆದ್ರ ನನಗ ತಿಳಿಯಂಗಿಲ್ಲೇನು? ಕೊರ್ಯೋವರು ತಪ್ಪು ಮಾಡಿರ್ಬೇಕು ಅಂತ ನನಗ ನಾನೇ ಹೇಳ್ಕೊಂಡೆ. ಸಾಲ್ಯಾಗ ಆಯಿಗಿ ಶಾಲು ಹೊಚ್ಚೋ ಮುಂದ ಪೂರಾ ಊರು ನಿಂತು ಚಪ್ಪಾಳಿ ಹೊಡೀತು. ಅವತ್ತ ನಾ ಹ್ಯಾಂಗ ಬಾಯಿ ತೆಗೀಲಿ, ನೀವೇ ಹೇಳ್ರಿ.”

ಗುರುನಾಥರಿಗೆ ಸಿಟ್ಟು ಬರಲಿಲ್ಲ. ಗಿಡದ ಕಟ್ಟೆಯ ಮೇಲೆ ಕುಳಿತರು, ಮೊಣಕಾಲು ಕಟಕಟ ಎಂದಿತು. ಆಗ ಅವರಿಗೆ ಒಂದು ವಿಷಯ ಹೊಳೆಯಿತು.

“ಮಾಸ್ತರ, ಈಗ ನಿಮ್ಮಪ್ಪನ ನಂಬರ್ ನಮ್ಮ ಕಡಿ ಅದ. ನೀವು ಅವರ ಮಗ. ಅರ್ಜಿ ನೀವು ಬರೀಬೇಕು. ಅವರು ಏನಾದ್ರು ಅಂತ ಆಫೀಸಿನವರು ನಿಮಗ ಹೇಳ್ತಾರ.”

ವಿಶ್ವಾಸ ತಕ್ಷಣ ಒಪ್ಪಲಿಲ್ಲ. ಐವತ್ತೆಂಟು ವರ್ಷ ತಿಳಿಯದೆ ಬದುಕಿದ್ದನ್ನು ಈಗ ತಿಳಿದುಕೊಳ್ಳಲು ಅವನಿಗೆ ಹೆದರಿಕೆ.

“ಮುಂಬೈದಾಗ ಖರೇನೇ ಇನ್ನೊಂದು ಸಂಸಾರ ಇದ್ರ?”

“ಇದ್ರ ಇರ್ತದ,” ಎಂದರು ಗುರುನಾಥ.

ಎರಡು ದಿನ ಬಿಟ್ಟು ವಿಶ್ವಾಸನೇ ಫೋನ್ ಮಾಡಿ ಅರ್ಜಿಗೆ ಸಹಿ ಹಾಕುತ್ತೇನೆಂದ. ತಾಯಿಗೆ ಸದ್ಯಕ್ಕೆ ಹೇಳುವುದು ಬೇಡವೆಂದ.

ಗುರುನಾಥ ಭಾಲ್ಕಿಗೆ ಹೋಗಿ ಮಾಯಾಳಿಗೆ ಎಲ್ಲವನ್ನೂ ತಿಳಿಸಿದರು. ಇನ್ನೊಬ್ಬ ಪಂಢರಿಯ ನಂಬರಿನ ಕೊನೆಗೆ ನಾಲ್ಕು ಏಳು ಒಂದು ಎಂದಾಗ ಆಕೆ ಬರೆಯುತ್ತಿದ್ದ ಪೆನ್ನು ನಿಂತಿತು.

“ಔರಾದ,” ಎಂದಳು. “ಅವರು ಔರಾದ ಇರ್ಬೇಕು.”

ಗುರುನಾಥರಿಗೆ ಅರ್ಥವಾಗಲಿಲ್ಲ.

“ನಮ್ಮಪ್ಪ ಹೇಳ್ತಿದ್ರು. ಟ್ರೇನಿಂಗಿನಾಗ ಇಬ್ಬರು ಪಂಢರಿ ಇದ್ರಂತ. ಹಾಜ್ರಿ ಕರೀವಾಗ ಇಬ್ಬರೂ ಹೂಂ ಅಂತಿದ್ರಂತ. ಅದಕ್ಕ ಸಾಹೇಬರು ಒಬ್ಬರಿಗಿ ಭಾಲ್ಕಿ ಅಂತ, ಇನ್ನೊಬ್ಬರಿಗಿ ಔರಾದ ಅಂತ ಕರೀತಿದ್ರಂತ. ಔರಾದ ಭಾಳ ಕೆಮ್ಮತಿದ್ರು ಅಂತ ಹೇಳ್ತಿದ್ರು ನಮ್ಮಪ್ಪ.” ಆಕೆ ಕನ್ನಡಕ ತೆಗೆದು ಒರೆಸಿಕೊಂಡಳು. ಮತ್ತೆ ಹಾಕಿಕೊಂಡ ಮೇಲೆ ಮಾತು ಮೊದಲಿನ ಹಾಗೇ ಗಟ್ಟಿಯಾಯಿತು. “ಆಫೀಸಿನ ಉತ್ತರ ಬರೋ ತನಕ ತಡೀತೇನಿ. ಆದ್ರ ದಸರಾದಾಗ ಬರೋ ಧಮ್ಮಚಕ್ರದ ದಿನಕ್ಕ ನಮ್ಮಪ್ಪನ ಫೋಟೋದ ಮುಂದ ಮೆಡಲ್ ಇರ್ಬೇಕು ಕಾಕಾ. ಅದರ ಮ್ಯಾಲ ನನಗ ತಡಿಲಿಕ್ಕಿ ಆಗಂಗಿಲ್ಲ.”

ಅರ್ಜಿ ಮಾರ್ಚಿನಲ್ಲಿ ಹೋಯಿತು. ಸೈನಿಕನ ಮಗನೆಂಬುದಕ್ಕೆ ದಾಖಲೆ ಕೇಳಿ ಏಪ್ರಿಲ್‌ನಲ್ಲಿ ಪತ್ರ ಬಂತು. ಶಾಲೆಯ ದಾಖಲಾತಿ, ಪಂಚಾಯ್ತಿಯ ಪತ್ರ, ತಹಶೀಲಿನ ಪತ್ರ, ಒಂದೊಂದಕ್ಕೂ ಗುರುನಾಥ ವಿಶ್ವಾಸನ ಜೊತೆ ಔರಾದಿನ ಬಿಸಿಲಿನಲ್ಲಿ ನಿಂತರು. ಎಲ್ಲವನ್ನೂ ಕಳಿಸಿದ ಮೇಲೆ ಮೇ, ಜೂನ್, ಜುಲೈ ಸುಮ್ಮನೆ ಹೋದವು. ಮಳೆ ಹಿಡಿದಾಗ ಗುರುನಾಥರ ಕಾಲು ಬಾತು, ಹತ್ತು ದಿನ ಮಂಚ ಬಿಟ್ಟು ಏಳಲಾಗಲಿಲ್ಲ. ಪ್ರಮಿಲಾ ಬಿಸಿ ಎಣ್ಣೆ ಹಚ್ಚುತ್ತ ಕೇಳಿದರು:

“ಎಲ್ಲಾ ಮಂದೀ ಭಾರ ನೀವೇ ಯಾಕ ಹೊರ್ತೀರಿ?”

“ಬಿಟ್ಟುಬಿಡ್ಬೇಕು ಅಂತ ದಿನಾ ಅನ್ಕೋತೇನಿ,” ಎಂದರು ಗುರುನಾಥ. “ಆದ್ರ ಇದೊಂದು ನಾನೇ ಮಾಡಿದ ತಪ್ಪದ.”

ಮರುದಿನ ಪ್ರಮಿಲಾ ತಾವೇ ಆಟೋ ಹಿಡಿದು ಅಂಚೆ ಕಚೇರಿಗೆ ಹೋಗಿ, ಡಾಬಕಾಕ್ಕೆ ಹೋಗುವ ರಿಜಿಸ್ಟರ್ ಪತ್ರ ಬಂದಿದೆಯೇ ಎಂದು ವಿಚಾರಿಸಿ ಬಂದರು. ಬೀದರಿನಲ್ಲಿ ಅದು ತಿಳಿಯುವುದಿಲ್ಲವೆಂದು ಅಲ್ಲಿನವರು ಹೇಳಿ ಕಳಿಸಿದ್ದರು.

ಉತ್ತರ ಬಂದದ್ದು ಸೆಪ್ಟೆಂಬರ್ ಕೊನೆಯಲ್ಲಿ. ವಿಶ್ವಾಸ ಫೋನಿನಲ್ಲಿ ಓದಲು ಹೋಗಿ ಓದಲಾಗದೆ, ಕಾಗದದ ಫೋಟೋ ಕಳಿಸಿದ. ಒಂದೇ ಪುಟ. ಸಿಪಾಯಿ ಪಂಢರಿ, ಊರು ಡಾಬಕಾ. ಶ್ವಾಸಕೋಶದ ಕ್ಷಯದ ಕಾರಣ ೧೯೬೮ರ ನವೆಂಬರಿನಲ್ಲಿ ಸೇವೆಯಿಂದ ಬಿಡುಗಡೆ. ಪುಣೆಯ ಕಡೆಯ ಮಿಲಿಟರಿ ಆಸ್ಪತ್ರೆಯಿಂದ ಹೊರಟದ್ದು ನವೆಂಬರ್ ಇಪ್ಪತ್ತೊಂದು. ಮನೆಗೆ ಹೋಗಲು ಭಾಲ್ಕಿ ಸ್ಟೇಷನ್‌ವರೆಗೆ ರೈಲ್ವೆ ವಾರಂಟ್, ಅಂದರೆ ಸರಕಾರಿ ಟಿಕೀಟು, ಕೊಡಲಾಗಿದೆ. ಆಮೇಲಿನ ಮಾಹಿತಿ ಇಲ್ಲ. ೧೯೬೫ರ ರಕ್ಷಾ ಪದಕಕ್ಕೆ ಅರ್ಹ, ಪಡೆದುಕೊಂಡಿಲ್ಲ. ವಾರಸುದಾರರು ಅರ್ಜಿ ಸಲ್ಲಿಸಬಹುದು.

ಗಾಂಧಿ ಜಯಂತಿಯ ರಜೆಯ ದಿನ ಮಾಯಾ ತನ್ನ ಕಾರಿನಲ್ಲಿ ಗುರುನಾಥರನ್ನು ಡಾಬಕಾಕ್ಕೆ ಕರೆದೊಯ್ದಳು. ಮನೆಯ ಹಾಲ್‌ನಲ್ಲಿ ಬುದ್ಧನ ಮೂರ್ತಿಯ ಪಕ್ಕ ಒಂದು ಸಣ್ಣ ಗಾಜಿನ ಪೆಟ್ಟಿಗೆ, ಅದರೊಳಗೆ ಪದಕ. ಮಾಯಾ ಒಳಗೆ ಬಂದವಳೇ ಅದನ್ನು ನೋಡಿ, ತಕ್ಷಣ ಬೇರೆ ಕಡೆ ಮುಖ ತಿರುಗಿಸಿದಳು.

ವಿಶ್ವಾಸ ತಾಯಿಯ ಎದುರು ನೆಲದ ಮೇಲೆ ಕುಳಿತ. ಮೊದಲು ಪದಕದ ವಿಷಯ ಹೇಳಿದ, ತನಗೆ ಮೊದಲೇ ಗೊತ್ತಿತ್ತೆಂಬುದನ್ನೂ ಮುಚ್ಚಿಡಲಿಲ್ಲ. ಆಮೇಲೆ ಕಾಗದ ಓದಿ, ಮರಾಠಿಯಲ್ಲಿ ಒಂದು ಸಲ, ಕನ್ನಡದಲ್ಲಿ ಒಂದು ಸಲ ತಿಳಿಸಿ ಹೇಳಿದ. ಶಾಲುಬಾಯಿ ಪದಕದ ಬಗ್ಗೆ ಏನೂ ಕೇಳಲಿಲ್ಲ. ಅವಳ ಮನಸ್ಸು ಒಂದೇ ಮಾತಿನಲ್ಲಿ ಸಿಕ್ಕಿಕೊಂಡಿತ್ತು.

“ಭಾಲ್ಕಿ ತನಕ ತಿಕೀಟು ತೊಗೊಂಡಿದ್ರಾ?”

“ಹೌದು ಆಯಿ. ಸರಕಾರದವರೇ ಕೊಟ್ಟಾರ.”

“ಮುಂಬೈಕ್ಕ ಅಲ್ಲ?”

“ಅಲ್ಲ. ಭಾಲ್ಕಿಗಿ.”

“ಹಂಗಾದ್ರ ಮನೀಗೇ ಹೊಂಟಿದ್ರು,” ಎಂದಳು ಶಾಲುಬಾಯಿ. ಮತ್ತೆ ಅದನ್ನೇ ಹೇಳಿದಳು. ಆಗ ಅವಳಿಗೆ ಅಳು ಬಂತು. ಐವತ್ತೈದು ವರ್ಷದ್ದು ಒಮ್ಮೆಲೇ ಬಂದ ಅಳುವಾದ್ದರಿಂದ ಯಾರೂ ತಡೆಯಲು ಹೋಗಲಿಲ್ಲ. ಸೊಸೆ ಬಂದು ಬೆನ್ನ ಮೇಲೆ ಕೈ ಇಟ್ಟು ಕುಳಿತಳು.

ಅಳು ನಿಂತ ಮೇಲೆ ಮಾಯಾ ಹತ್ತಿರ ಸರಿದು, ತನ್ನಪ್ಪ ಹೇಳುತ್ತಿದ್ದ ಇಬ್ಬರು ಪಂಢರಿಗಳ ಮಾತು ಹೇಳಿದಳು. ಹಾಜರಿಯ ಮಾತು, ಕೆಮ್ಮಿನ ಮಾತು. ಔರಾದ ತನ್ನ ಪಾಲಿನ ಸಕ್ಕರೆಯನ್ನು ಚಹಾಕ್ಕೆ ಹಾಕಿಕೊಳ್ಳದೆ ಕಾಗದದಲ್ಲಿ ಕಟ್ಟಿಡುತ್ತಿದ್ದನಂತೆ, ರಜೆಗೆ ಹೋಗುವಾಗ ಮನೆಗೆ ಒಯ್ಯಲು.

“ತಂದಿದ್ರು,” ಎಂದಳು ಶಾಲುಬಾಯಿ. “ನಾಮಕರಣಕ್ಕ ಬಂದಾಗ ತಂದಿದ್ರು. ಇರಿವಿ ಹತ್ತಿದ್ವು.”

ಆಮೇಲೆ ಅವಳು ಸೊಸೆಯ ಕೈ ಹಿಡಿದು ಎದ್ದು, ಗಾಜಿನ ಪೆಟ್ಟಿಗೆಯಿಂದ ಪದಕ ತೆಗೆದು, ಸೆರಗಿನಿಂದ ಒರೆಸಿ ಮಾಯಾಳ ಕೈಯಲ್ಲಿಟ್ಟಳು.

“ತಗೋ ಮಗಳಾ. ನಿಮ್ಮಪ್ಪಂದು ಹತ್ತು ತಿಂಗಳು ನನ್ನ ಮನ್ಯಾಗಿತ್ತು. ದಿನಾ ಹೂವು ಏರಿಸೀನಿ. ಏನೂ ಕಮ್ಮಿ ಮಾಡಿಲ್ಲ.”

ಮಾಯಾ ಅದನ್ನು ತೆಗೆದುಕೊಂಡಳು. ಇರಲಿ, ನೀವೇ ಇಟ್ಟುಕೊಳ್ಳಿ ಎಂದು ಹೇಳಲಿಲ್ಲ. ಗುರುನಾಥ ಒಂದು ಕ್ಷಣ ಆಕೆ ಹಾಗೆ ಹೇಳಬಹುದೆಂದು ಕಾದಿದ್ದರು. ಹೇಳದೇ ಇದ್ದದ್ದೇ ಸರಿ ಎಂದು ಆಮೇಲೆ ಅವರಿಗೆ ಅನ್ನಿಸಿತು.

ಶಾಲುಬಾಯಿ ಕೇಳಿದ್ದು ಒಂದೇ: ತನ್ನನ್ನು ಭಾಲ್ಕಿ ಸ್ಟೇಷನ್ನಿಗೆ ಕರೆದುಕೊಂಡು ಹೋಗಬೇಕು. ಮುಂದಿನ ಭಾನುವಾರ ಮಾಯಾಳೇ ಕಾರು ತಂದಳು. ಮಧ್ಯಾಹ್ನದ ಹೊತ್ತು ಪ್ಲಾಟ್‌ಫಾರ್ಮಿನಲ್ಲಿ ಹೆಚ್ಚು ಜನವಿರಲಿಲ್ಲ. ಶಾಲುಬಾಯಿ ಸಿಮೆಂಟ್ ಬೆಂಚಿನ ಮೇಲೆ ಕುಳಿತು ಹಳಿಯ ಎರಡೂ ದಿಕ್ಕು ನೋಡಿದಳು. ಆಮೇಲೆ ಗುರುನಾಥರ ಕಡೆ ತಿರುಗಿದಳು.

“ನೀವು ಬಸ್ಸಿನಾಗ ಇದ್ದವರು. ಆಗ ಇಲ್ಲಿಂದ ನಮ್ಮ ಕಡಿ ಬಸ್ಸು ಇತ್ತೇನ್ರಿ?”

ಆ ಕಾಲದ ಡ್ರೈವರುಗಳಿಂದ ಗುರುನಾಥ ಕೇಳಿ ತಿಳಿದಿದ್ದರು. “ದಿನಕ್ಕ ಒಂದೇ ಇತ್ತಂತ್ರಿ. ಮುಂಜಾನಿ ಹೋಗ್ತಿತ್ತು. ಔರಾದ ತನಕ ಅಷ್ಟೇ.”

“ಹಂಗಾದ್ರ ಬಸ್ಸು ತಪ್ಪಿರ್ಬೇಕು,” ಎಂದಳು ಶಾಲುಬಾಯಿ. “ನಡಕೋತ ಹೊಂಟಿರ್ಬೇಕು.”

ಕ್ಷಯದ ರೋಗಿ, ನವೆಂಬರಿನ ಚಳಿ, ಐವತ್ತು ಕಿಲೋಮೀಟರಿಗೂ ಮೇಲಿನ ದಾರಿ. ಎಲ್ಲರ ಮನಸ್ಸಿನಲ್ಲೂ ಅದೇ ಇತ್ತು. ಅರ್ಧ ಗಂಟೆ ಕುಳಿತು ಹೊರಟರು.

ಆಮೇಲೆ ಗುರುನಾಥ ಭಾಲ್ಕಿಯಲ್ಲಿ, ದಾರಿಯ ಊರುಗಳಲ್ಲಿ, ಆ ವರ್ಷದ ಸಾವಿನ ದಾಖಲೆಗಳೇನಾದರೂ ಉಳಿದಿವೆಯೇ ಎಂದು ವಿಚಾರಿಸಿದರು. ಮೂರು ಕಡೆ ಕೇಳಿದರು. ಅಷ್ಟು ಹಳೆಯದು ಎಲ್ಲೂ ಇರಲಿಲ್ಲ. ಸಿಪಾಯಿ ಪಂಢರಿ ಭಾಲ್ಕಿಯಲ್ಲಿ ಇಳಿದನೋ, ನಡುದಾರಿಯ ಯಾವುದೋ ಸ್ಟೇಷನ್ನಿನಲ್ಲಿ ಜೀವ ಬಿಟ್ಟನೋ ಇವತ್ತಿಗೂ ತಿಳಿದಿಲ್ಲ.

ಶಾಲುಬಾಯಿಯ ಗಂಡನ ಪದಕ ಮರುವರ್ಷದ ಬೇಸಿಗೆಯಲ್ಲಿ ರಿಜಿಸ್ಟರ್ ಅಂಚೆಯಲ್ಲಿ ಬಂತು. ಗುರುನಾಥ ಹೋಗಿ ಅಂಚನ್ನು ಮೂರು ಸಲ ಓದಿದರು, ಇನ್‌ಲ್ಯಾಂಡ್ ಪತ್ರದ ಪಕ್ಕ ಇಟ್ಟು ಅಂಕಿ ಅಂಕಿ ಸೇರಿಸಿ ನೋಡಿದರು. ಸರಿಯಾಗಿತ್ತು. ಶಾಲುಬಾಯಿಗೆ ಅದು ಅಷ್ಟು ಮೆಚ್ಚಿಕೆಯಾಗಲಿಲ್ಲ. ಬಹಳ ಹೊಳೆಯುತ್ತದೆ, ಅವರು ಮುಟ್ಟಿದ್ದಲ್ಲ ಎಂದಳು. ಆದರೂ ಗಾಜಿನ ಪೆಟ್ಟಿಗೆಯಲ್ಲಿ ಇಡಿಸಿದಳು.

ಗುರುನಾಥರ ಡಬ್ಬಿಯಲ್ಲಿ ಇನ್ನೂ ಮನೆ ಸಿಗದ ಹನ್ನೊಂದು, ಮನೆಯವರೇ ಬೇಡವೆಂದ ಎರಡು ಪದಕಗಳಿವೆ. ಹೊಸದನ್ನು ತರುವುದನ್ನು ನಿಲ್ಲಿಸಿದ್ದಾರೆ. ಮಜೀದರಿಗೂ ಹೇಳಿಬಿಟ್ಟಿದ್ದಾರೆ, ಬಂದರೆ ತೆಗೆದಿಡಿ, ಕರಗಿಸಲು ಕೊಡಬೇಡಿ, ಆದರೆ ನನ್ನನ್ನು ಕರೆಯಬೇಡಿ ಎಂದು. ಕಳೆದ ತಿಂಗಳು ಮಾಯಾ ಬಂದು ನಾಲ್ಕು ಹೆಸರುಗಳನ್ನು ಬರೆದುಕೊಂಡು ಹೋದಳು, ಭಾಲ್ಕಿ ಕಡೆಯವು. ಹೋಗುವಾಗ ಆಕೆ ಕೇಳಿದಳು, ಈ ಕೆಲಸದಲ್ಲಿ ಮೊದಲು ಏನು ಮಾಡಬೇಕು ಕಾಕಾ?

“ಕಾಗದಾ ನೋಡೋ ತನಕ ಕೊಡಬ್ಯಾಡ,” ಎಂದರು ಗುರುನಾಥ. ಹೇಳಿ, ಗೋಡೆ ಹಿಡಿದು ನಿಧಾನವಾಗಿ ಒಳಗೆ ಹೋಗಿ ಮಲಗಿದರು. ಪ್ರಮಿಲಾ ಫ್ಯಾನು ಹಾಕಿ ಬಾಗಿಲು ಮುಂದಕ್ಕೆಳೆದರು.